ಮಧ್ಯಾಹ್ನ ಕಾಳು ಹಾಕಬ್ಯಾಡ

ನಮ್ಮೂರು ತಂಗಡಗಿ, ನೀಲಾಂಬಿಕೆಯ ಐಕ್ಯಸ್ಥಳ. ಕೃಷ್ಣಾ ದಂಡೆಯ ಊರು ಅಂದ್ರೆ ಹಾಸ್ಟೆಲ್‌ನಲ್ಲಿ ಎಲ್ಲರೂ "ಹಂಗಾದ್ರೆ ತಂಪಿರಬೇಕಲ್ಲ" ಅಂತಾರೆ. ಹೊಳೆ ಹೊಳೆಯ ಪಾಡಿಗೆ ಇರ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟೋದು ನಮಗೆ ಸುದ್ದಿಯೇ ಅಲ್ಲ.

ಈ ಬಿಸಿಲಲ್ಲಿ ಅವ್ವ ಹದಿನಾಲ್ಕು ಜವಾರಿ ಕೋಳಿ ಸಾಕ್ತಾಳೆ. ತತ್ತಿ ಮಾರಿದ ರೊಕ್ಕಕ್ಕೆ ಮನೆಯಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ. ನನ್ನ ಮೊದಲ ಸೆಮಿಸ್ಟರ್‌ನ ಡ್ರಾಫ್ಟರ್, ಕ್ಯಾಲ್ಕುಲೇಟರ್ ಬಂದದ್ದು ಆ ರೊಕ್ಕದಿಂದಲೇ. ಹಾಗಾಗಿ ಬೇಸಿಗೆಯಲ್ಲಿ ಅವಳದು ಒಂದೇ ನಿಯಮ: ನಸುಕಿನಲ್ಲಿ ಜೋಳ, ಹೊತ್ತು ಇಳಿದ ಮೇಲೆ ಮತ್ತೆ ಜೋಳ, ನಡುವೆ ಬರೀ ನೀರು.

ಹೋದ ವರ್ಷ ಮೇನಲ್ಲಿ ಪಕ್ಕದ ಮನೆಯ ಕಾಕು, ಪಾಪ ಹಸಿದಾವು ಅಂತ ಮಧ್ಯಾಹ್ನ ಒಂದು ಮರ ನುಚ್ಚು ಚೆಲ್ಲಿದಳು. ಸಂಜೆಯೊಳಗೆ ಎರಡು ಹ್ಯಾಟಿ ಸತ್ತವು. ಉಳಿದವನ್ನು ದಬ್ಬಿ ತಿಂದಿದ್ದ ದಪ್ಪನೆಯವೇ. "ಬಿಸಲಿಗೆ ಅಲ್ಲ, ಹೊಟ್ಟಿ ತುಂಬಿದ್ದಕ್ಕ ಸತ್ತು" ಅಂದಳು ಅವ್ವ.

ಥರ್ಮೋಡೈನಮಿಕ್ಸ್ ಓದಿದವರಿಗೆ ಇದು ಬೇಗ ತಿಳಿಯಬೇಕು. ಕೋಳಿಯ ಮೈ ಬಿಸಿಯೇ ಸುಮಾರು 41 ಡಿಗ್ರಿ. ಹೊರಗಿನ ಗಾಳಿಯೂ ಅಷ್ಟೇ ಆದರೆ ಡೆಲ್ಟಾ ಟಿ ಸೊನ್ನೆ. ನ್ಯೂಟನ್ ಕೂಲಿಂಗ್ ನಿಯಮದಿಂದ ಏನೂ ಸಿಗುವುದಿಲ್ಲ. ಬೆವರಲು ಗ್ರಂಥಿಯೇ ಇಲ್ಲ. ಉಳಿದದ್ದು ಬಾಯಿ ತೆರೆದು ತೇಕುವುದು. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 2400 ಜೌಲ್ ಶಾಖ ಹೊರಗೆ ಹೋಗ್ತದೆ, ಆದರೆ ತೇಕೋದೂ ಸ್ನಾಯುವಿನ ಕೆಲಸ, ಅದರದ್ದೂ ಬಿಸಿ ಇದೆ. ಇದರ ಮೇಲೆ ಕಾಳು ಜೀರ್ಣವಾಗುವ ಶಾಖ. ಅದು ತಿಂದ ಕೂಡಲೇ ಅಲ್ಲ, ಕೆಲವು ತಾಸಿನ ಮೇಲೆ ಏರುತ್ತದೆ. ಹನ್ನೊಂದಕ್ಕೆ ತಿಂದದ್ದು ಉರಿಯುವುದು ಸರಿಯಾಗಿ ಎರಡು ಮೂರಕ್ಕೆ, ಹೊರಗೂ ಒಲೆ ಒಳಗೂ ಒಲೆ.

ನಮ್ಮದು ಒಣ ಬಿಸಿಲು, ಅದೊಂದು ಪುಣ್ಯ. ನನ್ನ ರೂಮ್‌ಮೇಟ್ ಮಂಗಳೂರಿನವ. ಅಲ್ಲಿ 35 ಡಿಗ್ರಿಗೇ ಕೋಳಿ ಸುಸ್ತಾಗ್ತವಂತೆ. ಗಾಳಿಯಲ್ಲೇ ನೀರು ತುಂಬಿದ್ದರೆ ತೇಕಿದರೂ ಆವಿ ಎಲ್ಲಿಗೆ ಹೋಗಬೇಕು?

ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದು ತತ್ತಿಯಲ್ಲಿ. ತೇಕಿ ತೇಕಿ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಗೆ ಹೋದಾಗ ರಕ್ತ ಕ್ಷಾರವಾಗ್ತದೆ, ಸಿಪ್ಪೆ ಕಟ್ಟಲು ಬೇಕಾದ ಬೈಕಾರ್ಬೊನೇಟ್ ಕಡಿಮೆಯಾಗ್ತದೆ. ಮೇ ತಿಂಗಳ ತತ್ತಿ ಬುಟ್ಟಿಯಲ್ಲೇ ಒಡೆಯುವುದು ಇದಕ್ಕೇ. ದೊಡ್ಡ ಫಾರಂಗಳಲ್ಲಿ ನೀರಿಗೆ ಅಡುಗೆ ಸೋಡಾ, ಎಲೆಕ್ಟ್ರೋಲೈಟ್ ಬೆರೆಸುತ್ತಾರೆ. ಸಿಪ್ಪೆ ಹೆಚ್ಚಾಗಿ ರಾತ್ರಿ ಕಟ್ಟುವುದರಿಂದ ಸುಣ್ಣಕಲ್ಲಿನ ಚೂರನ್ನು ಸಂಜೆಯ ಮೇವಿಗೇ ಹಾಕಬೇಕು. ನಾನು ಹೇಳಿದ್ದರಲ್ಲಿ ಅವ್ವ ಒಪ್ಪಿದ್ದು ಇದೊಂದೇ. ಸೋಡಾ ಮಾತ್ರ "ಭಜಿಗೆ ಇರಲಿ" ಅಂದಳು.

ನೀರಿನ ವಿಷಯದಲ್ಲಿ ಅವಳಿಗೆ ಹೇಳಿಕೊಡುವಂಥದ್ದು ಏನೂ ಇಲ್ಲ. ಬೇವಿನ ಗಿಡದ ನೆರಳಲ್ಲಿ ಅಗಲ ಬಾಯಿಯ ಮಣ್ಣಿನ ಪಾತ್ರೆಗಳು, ದಿನಕ್ಕೆ ಮೂರು ಸಲ ಹೊಸ ನೀರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಕಾದರೆ ಕೋಳಿ ಕುಡಿಯೋದೇ ಬಿಡ್ತವೆ. ಕೊಕ್ಕಷ್ಟೇ ಅಲ್ಲ, ಜುಟ್ಟೂ ಒದ್ದೆಯಾಗಲಿ ಅಂತ ಪಾತ್ರೆ ಅಗಲ ಇರಬೇಕಂತೆ. ಜುಟ್ಟೇ ಅವುಗಳ ರೇಡಿಯೇಟರ್ ಅಂತ ಅವಳಿಗೆ ಯಾರು ಹೇಳಿದರೋ.

ಕಾಕುಗೆ ಮಾತ್ರ ಇನ್ನೂ ಸಮಾಧಾನವಿಲ್ಲ. "ಬಾಗಿಲಿಗೆ ಬಂದ ಜೀವಕ್ಕ ಬರೇ ನೀರು ಹ್ಯಾಂಗ ಕೊಡೂದ ತಂಗಿ?" ಅಂತ ಈ ಸಲವೂ ಕೇಳಿದಳು. ಅವ್ವ ಅವಳಿಗೆ ಕಲ್ಲಂಗಡಿ ಸಿಪ್ಪೆ ಹಾಕಲು ಪರವಾನಗಿ ಕೊಟ್ಟಿದ್ದಾಳೆ. ಅದರಲ್ಲಿರೋದು ಬಹುಪಾಲು ನೀರೇ.