ಮನೆಯಿಲ್ಲದೆ ಮಾರು ಗೆದ್ದವರು

‘ಮನೆ ಗೆದ್ದು ಮಾರು ಗೆಲ್ಲು’ ಎಂಬ ಗಾದೆಯನ್ನು ಸುಮಾರು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಹೇಳುತ್ತಾ ಬಂದವನು ನಾನು. ವಿಜ್ಞಾನದ ಮೇಷ್ಟ್ರಿಗೆ ಗಾದೆಯ ಉಸಾಬರಿ ಏಕೆಂದು ನಮ್ಮ ಕನ್ನಡ ಪಂಡಿತರು ಹಾಸ್ಯ ಮಾಡುವುದುಂಟು. ಹೀಗೆ ಸರಾಗವಾಗಿ ಬಾಯಿಗೆ ಬರುತ್ತಿದ್ದ ಗಾದೆ ಒಮ್ಮೆ ಒಬ್ಬ ಹುಡುಗನೆದುರು ಗಂಟಲಲ್ಲೇ ನಿಂತುಬಿಟ್ಟಿತು. ಆ ಕಥೆಯನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಮ್ಮ ಶಾಲೆಯಿರುವುದು ವಸಂತನರಸಾಪುರದ ಆಸುಪಾಸಿನಲ್ಲಿ. ತುಮಕೂರಿನಿಂದ ಶಿರಾ ಕಡೆಗೆ ಹೊರಟರೆ ಸಿಗುವ ಈ ಸೀಮೆಯಲ್ಲಿ ಹಿಂದೆ ಕಾಣುತ್ತಿದ್ದುದು ರಾಗಿ, ಕಡಲೆಕಾಯಿಯ ಹೊಲಗಳು. ಈಗ ಕಾಣುವುದು ತಗಡಿನ ಶೆಡ್ಡುಗಳು, ಕಾಂಪೌಂಡುಗಳು, ಸಾಲು ಲಾರಿಗಳು. 2014ರ ಸೆಪ್ಟೆಂಬರ್ 24ರಂದು ಪ್ರಧಾನಿಯವರೇ ಬಂದು ಇಲ್ಲಿನ ಫುಡ್ ಪಾರ್ಕನ್ನು ಉದ್ಘಾಟಿಸಿದರು. ಕಾರ್ಖಾನೆಗಳ ಹಿಂದೆಯೇ ಕೆಲಸ ಹುಡುಕಿಕೊಂಡು ಜನ ಬಂದರು, ಅವರ ಹಿಂದೆ ಮಕ್ಕಳು ಬಂದರು. ನನ್ನ ಹಾಜರಿ ಪುಸ್ತಕದಲ್ಲಿ ರಾಯಚೂರು, ಕಲಬುರಗಿ, ಬಿಹಾರ, ಒಡಿಶಾಗಳು ಒಂದರ ಕೆಳಗೊಂದು ಕುಳಿತವು.

2017ರ ಜೂನ್‌ನಲ್ಲಿ ರಾಯಚೂರಿನ ಕಡೆಯ ಹುಡುಗನೊಬ್ಬ ಒಂಬತ್ತನೇ ತರಗತಿಗೆ ಸೇರಿದ. ತಂದೆ ಕಟ್ಟಡ ಕೆಲಸದವರು. ಹುಡುಗ ಪಾಠದಲ್ಲಿ ಸಾಧಾರಣ, ಕಬಡ್ಡಿಯಲ್ಲಿ ಮಿಂಚು. ಉಸಿರು ಕಟ್ಟಿ ದಾಳಿಗೆ ಹೋದನೆಂದರೆ ಇಬ್ಬರನ್ನಾದರೂ ಮುಟ್ಟದೆ ಹಿಂತಿರುಗುತ್ತಿರಲಿಲ್ಲ. ನಮ್ಮಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿದ್ದುದರಿಂದ ಸೀಟಿ ನನ್ನ ಕೊರಳಲ್ಲಿತ್ತು.

ಆ ಆಗಸ್ಟ್‌ನಲ್ಲಿ ಟಿವಿಯಲ್ಲಿ ಪ್ರೊ ಕಬಡ್ಡಿಯ ಐದನೇ ಆವೃತ್ತಿ ನಡೆಯುತ್ತಿತ್ತು. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ ಸಿಗದ ಕಾರಣ ನಮ್ಮ ಬೆಂಗಳೂರು ಬುಲ್ಸ್ ತಂಡ ತನ್ನ ‘ತವರಿನ’ ಪಂದ್ಯಗಳನ್ನು ನಾಗಪುರದಲ್ಲಿ ಆಡಬೇಕಾಯಿತು. ಘರ್ಷಣೆಯ ಪಾಠ ಮಾಡುತ್ತಾ ನಾನು ಕಬಡ್ಡಿಯ ಮ್ಯಾಟಿನ ಉದಾಹರಣೆ ಕೊಟ್ಟಾಗ ಈ ಹುಡುಗ ಎದ್ದು ನಿಂತ.

“ಬೆಂಗಳೂರ ಟೀಮು ನಾಗಪುರದಾಗ ಆಡಿದ್ರ ಅದು ಮನಿ ಆಟ ಹೆಂಗ ಆಗ್ತದ್ರಿ ಸರ್?”

ತರಗತಿ ಗೊಳ್ಳೆಂದಿತು. ಪ್ರಶ್ನೆ ಮಾತ್ರ ಗಟ್ಟಿಯಾಗಿತ್ತು. ಮ್ಯಾಟು ಬೆಂಗಳೂರಿನಲ್ಲೂ ಅದೇ, ನಾಗಪುರದಲ್ಲೂ ಅದೇ. ಅಂಕಣ ಎರಡೂ ಕಡೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಪಾದಕ್ಕೂ ಮ್ಯಾಟಿಗೂ ನಡುವಿನ ಘರ್ಷಣೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ದಾಳಿಗೆ ಎಲ್ಲಿಯೂ 30 ಸೆಕೆಂಡೇ. ಹಾಗಿದ್ದರೆ ತವರು ಎಂಬುದು ಎಲ್ಲಿದೆ? ಸುತ್ತ ಕುಳಿತು ನಮ್ಮವನೆಂದು ಕೂಗುವ ಜನರಲ್ಲಿ ಎಂದು ಉತ್ತರ ಕೊಟ್ಟೆ. ಹುಡುಗ ತಲೆಯಾಡಿಸಿ ಕುಳಿತ.

ಊರು ಬಿಟ್ಟ ತಂಡಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಮರುದಿನ ಕೆನಡಾದ ಐಸ್ ಹಾಕಿಯ ಕಥೆ ಹೇಳಿದೆ. ವಿನಿಪೆಗ್ ನಗರದ ಜೆಟ್ಸ್ ಎಂಬ ದೊಡ್ಡ ತಂಡ 1996ರಲ್ಲಿ ಅಮೆರಿಕದ ಮರುಭೂಮಿಯ ಊರಾದ ಫೀನಿಕ್ಸ್‌ಗೆ ಹೊರಟುಹೋಯಿತು. ಅದೇ ವರ್ಷ ಅಮೆರಿಕದ ಮಿನ್ನೆಸೋಟದಿಂದ ಮೂಸ್ ಎಂಬ ಕೆಳದರ್ಜೆಯ ಲೀಗಿನ ತಂಡವೊಂದು ವಿನಿಪೆಗ್‌ಗೆ ಬಂದು ‘ಮ್ಯಾನಿಟೋಬಾ ಮೂಸ್’ ಎನಿಸಿಕೊಂಡಿತು. 2011ರಲ್ಲಿ ಅಟ್ಲಾಂಟಾದ ದೊಡ್ಡ ತಂಡ ವಿನಿಪೆಗ್‌ಗೆ ಬಂದಾಗ, ಅಷ್ಟು ವರ್ಷ ಊರನ್ನು ರಂಜಿಸಿದ್ದ ಮೂಸ್ ತಂಡ ಗಂಟುಮೂಟೆ ಕಟ್ಟಿ ದೂರದ ಸೇಂಟ್ ಜಾನ್ಸ್‌ಗೆ ಹೋಗಿ ಹೆಸರನ್ನೂ ಬದಲಿಸಿಕೊಂಡಿತು. 2015ರಲ್ಲಿ ಮತ್ತೆ ವಿನಿಪೆಗ್‌ಗೆ ಬಂದು ಹಳೆಯ ಹೆಸರನ್ನೇ ಇಟ್ಟುಕೊಂಡಿತು. ಕ್ರೀಡಾಂಗಣ, ಹಣ, ಪ್ರೇಕ್ಷಕರು, ಈ ಮೂರರಲ್ಲಿ ಒಂದು ಕೈಕೊಟ್ಟರೂ ತಂಡ ಹೊರಡುತ್ತದೆ. ಹೊರಡಬೇಕೋ ಬೇಡವೋ ಎಂದು ಆಟಗಾರನನ್ನು ಯಾರೂ ಕೇಳುವುದಿಲ್ಲ. ಇಷ್ಟು ಹೇಳಿ ನಾನು ಬೀಗಿದೆ. ಎದುರಿಗೆ ಕುಳಿತ ಹುಡುಗನನ್ನೂ ಯಾರೂ ಕೇಳಿರಲಿಲ್ಲವೆಂಬುದು ನನಗೆ ಹೊಳೆಯಲೇ ಇಲ್ಲ.

ತಾಲ್ಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂತು. ತಂಡಕ್ಕೆ ಹನ್ನೆರಡು ಮಂದಿಯನ್ನು ಆರಿಸಬೇಕಿತ್ತು. ಹನ್ನೊಂದು ಹೆಸರು ಬರೆದು ಪೆನ್ನು ಹಿಡಿದು ಕುಳಿತೆ. ಹುಡುಗನ ತಂದೆಯ ಕೆಲಸ ಇನ್ನೇನು ಮುಗಿಯುತ್ತದಂತೆ, ಆರು ತಿಂಗಳಲ್ಲಿ ಹೊರಡುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದಿತ್ತು. ಅವನನ್ನು ತಯಾರು ಮಾಡಿದರೆ ಮುಂದಿನ ವರ್ಷಕ್ಕೆ ಏನು ಪ್ರಯೋಜನ? ಇಲ್ಲೇ ಇರುವ ಹುಡುಗನಿಗೆ ಅವಕಾಶ ಕೊಟ್ಟರೆ ಊರಿನವರೂ ಮೆಚ್ಚುತ್ತಾರೆ. ಹೀಗೆ ಲೆಕ್ಕ ಹಾಕಿ ಹನ್ನೆರಡನೆಯ ಹೆಸರು ಸ್ಥಳೀಯನದ್ದೇ ಬರೆದೆ. ಕಾರಣ ಕೇಳಲು ಬಂದ ಹುಡುಗನಿಗೆ, “ಮೊದಲು ಇಲ್ಲಿ ಗಟ್ಟಿಯಾಗಿ ನೆಲೆ ನಿಲ್ಲಪ್ಪಾ. ಮನೆ ಗೆದ್ದು ಮಾರು ಗೆಲ್ಲು ಅಂತಾರೆ” ಎಂದೆ.

“ಮನಿ ಯಾವುದಂತ ಹೇಳ್ರಿ ಸರ್, ಗೆಲ್ತೀನಿ.”

ಅವನ ದನಿಯಲ್ಲಿ ಉದ್ಧಟತನವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದ. ನನ್ನ ಬಳಿ ಉತ್ತರವಿರಲಿಲ್ಲ. ‘ಸರಿ, ಕ್ಲಾಸಿಗೆ ಹೋಗು’ ಎಂದು ಕಳಿಸಿದೆ. ನಮ್ಮ ತಂಡ ಮೊದಲ ಪಂದ್ಯದಲ್ಲೇ ಸೋತಿತು. ಅವನಿದ್ದರೆ ಗೆಲ್ಲುತ್ತಿತ್ತೋ ಇಲ್ಲವೋ, ಆ ಮಾತು ಬೇರೆ. 2018ರ ಬೇಸಿಗೆಯಲ್ಲಿ ತಂದೆಯ ಜೊತೆ ಬಂದು ಟಿ.ಸಿ. ತೆಗೆದುಕೊಂಡು ಹೋದ. ಅದನ್ನು ಬರೆದುಕೊಟ್ಟವನು ನಾನೇ.

ಆ ವರ್ಷದ ಆರನೇ ಆವೃತ್ತಿಯಲ್ಲೂ ಬುಲ್ಸ್‌ಗೆ ಬೆಂಗಳೂರು ದಕ್ಕಲಿಲ್ಲ. ತವರಿನ ಪಂದ್ಯಗಳು ಈ ಬಾರಿ ಪುಣೆಗೆ ಹೋದವು. ಆದರೂ ತಂಡ ಫೈನಲ್ ತಲುಪಿತು. 2019ರ ಜನವರಿ 5ರಂದು ಮುಂಬಯಿಯಲ್ಲಿ ಗುಜರಾತ್ ಎದುರು ಆಟ. ಮೊದಲರ್ಧದಲ್ಲಿ ಹಿಂದೆ ಬಿದ್ದಿದ್ದ ನಮ್ಮವರು ಕೊನೆಗೆ 38–33ರಿಂದ ಗೆದ್ದರು. ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಅವನೂ ಹಿಂದಿನ ವರ್ಷ ಇದೇ ಗುಜರಾತ್ ತಂಡದಲ್ಲಿದ್ದು ಬೆಂಗಳೂರಿಗೆ ಮರಳಿದ ಆಟಗಾರ. ಎರಡು ವರ್ಷ ತನ್ನ ಊರಿನಲ್ಲಿ ಒಂದು ಪಂದ್ಯವನ್ನೂ ಆಡಲಾಗದ ತಂಡ ಚಾಂಪಿಯನ್ ಆಗಿತ್ತು. ಮನೆಯಲ್ಲಿ ಹೆಂಡತಿ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರೆ ನನಗೆ ಹನ್ನೆರಡನೆಯ ಹೆಸರು ನೆನಪಾಯಿತು. ಟಿವಿಯ ಮುಂದಿನಿಂದ ಎದ್ದು ಹೊರಗೆ ಹೋಗಿ ನಿಂತೆ.

2019ರಲ್ಲಿ ಬುಲ್ಸ್ ಕಂಠೀರವಕ್ಕೆ ಮರಳಿದರು. ಬಳಿಕ ಕೊರೊನಾ ಬಂತು. 2021ರ ಡಿಸೆಂಬರ್ 22ರಿಂದ 2022ರ ಫೆಬ್ರುವರಿ 25ರವರೆಗೆ ನಡೆದ ಎಂಟನೇ ಆವೃತ್ತಿಯಲ್ಲಿ ಹನ್ನೆರಡೂ ತಂಡಗಳು ಬೆಂಗಳೂರಿನ ವೈಟ್‌ಫೀಲ್ಡ್‌ನ ಹೋಟೆಲೊಂದರಲ್ಲೇ ಉಳಿದು ಅಲ್ಲೇ ಆಡಿದವು. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಇಡೀ ಟೂರ್ನಿಯೇ ಬುಲ್ಸ್‌ನ ಊರಿಗೆ ಬಂದಿತ್ತು, ಆದರೆ ಕೂಗುವವರು ಒಬ್ಬರೂ ಇರಲಿಲ್ಲ. ಜನ ಕೂಗುವ ಕಡೆ ತವರಿದೆ ಎಂದು 2017ರಲ್ಲಿ ನಾನು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. ಆ ಹುಡುಗನ ಪರವಾಗಿ ಕೂಗಬೇಕಾದವನು ಮೇಷ್ಟ್ರಾದ ನಾನು, ಸುಮ್ಮನಿದ್ದೆ.

ಪಾಲಕರಲ್ಲಿ ಒಂದು ಮಾತು. ಹೊಟ್ಟೆಪಾಡಿಗಾಗಿ ಊರು ಬದಲಿಸುವುದು ತಪ್ಪಲ್ಲ, ನಾಚಿಕೆಯ ವಿಷಯವೂ ಅಲ್ಲ. ಹೊಸ ಶಾಲೆಗೆ ಮಗುವನ್ನು ಸೇರಿಸುವಾಗ ಅಂಕಪಟ್ಟಿಯ ಜೊತೆಗೆ ಅದು ಏನು ಆಡುತ್ತದೆ, ಏನು ಹಾಡುತ್ತದೆ ಎಂಬುದನ್ನೂ ಮೇಷ್ಟ್ರಿಗೆ ತಿಳಿಸಿ. ಅದು ಟಿ.ಸಿ.ಯಲ್ಲಿ ಬರೆದಿರುವುದಿಲ್ಲ. ಮಕ್ಕಳೇ, ನಿಮ್ಮ ಬೆಂಚಿನ ಕೊನೆಯಲ್ಲಿ ಹೊಸಬನೊಬ್ಬ ಕುಳಿತಿದ್ದರೆ ‘ಯಾವೂರೋ ನಿಂದು’ ಎನ್ನುವ ಮೊದಲು ‘ಆಡೋಕೆ ಬರ್ತೀಯೇನೋ’ ಎಂದು ಕೇಳಿ.

ಈಗಲೂ ತಂಡ ಆರಿಸುವಾಗ ನಾನು ಮೊದಲು ಬರೆಯುವುದು ಆ ವರ್ಷ ಹೊಸದಾಗಿ ಬಂದು ಸೇರಿದವರ ಪೈಕಿ ಚೆನ್ನಾಗಿ ಆಡುವವನ ಹೆಸರನ್ನು. ಆರು ತಿಂಗಳಿಗೆ ಹೊರಟುಹೋದರೆ ಹೋಗಲಿ. ರಾಯಚೂರಿನ ಆ ಹುಡುಗ ಈಗ ಎಲ್ಲಿದ್ದಾನೋ, ಕಬಡ್ಡಿ ಆಡುತ್ತಿದ್ದಾನೋ ಬಿಟ್ಟಿದ್ದಾನೋ ತಿಳಿಯದು. ಈ ಪುರವಣಿ ಅವನ ಕೈಗೆ ಸಿಕ್ಕರೆ, ‘ನಮ್ಮ ಶಾಲೆಯ ಅಂಗಳ ನಿನ್ನ ಮನೆಯೇ ಆಗಿತ್ತಪ್ಪಾ, ಹೇಳುವುದಕ್ಕೆ ನಾನು ತಡಮಾಡಿದೆ’ ಎಂದು ತಿಳಿಸಬೇಕಿತ್ತು.