ಹುಳಿಯೇ ಬ್ರಾಮ್ಲಿಯ ಬಂಡವಾಳ

ಬ್ರಾಮ್ಲಿ ಇಂಗ್ಲೆಂಡಿನ ಅಡುಗೆ ಸೇಬು. ಗಾತ್ರ ದೊಡ್ಡದು, ಮೈ ತುಸು ಚಪ್ಪಟೆ, ಬಣ್ಣ ಹಸಿರು. ಬಿಸಿಲು ತಾಗಿದ ಕಡೆ ಮಾತ್ರ ಕೆಂಪು. ಹಸಿಯಾಗಿ ಕಚ್ಚಿದರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಮಾವಿನಲ್ಲಿ ಉಪ್ಪಿನಕಾಯಿಗೆಂದೇ ಬೇರೆ ಜಾತಿ ಇರುವ ಹಾಗೆ, ಸೇಬಿನಲ್ಲಿ ಒಲೆಗೆಂದೇ ಇರುವ ಜಾತಿ ಇದು.

ನಾಟಿಂಗ್‌ಹ್ಯಾಮ್‌ಶೈರ್‌ನ ಸೌತ್‌ವೆಲ್ ಊರಿನಲ್ಲಿ 1809ರಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ನೆಟ್ಟ ಬೀಜದಿಂದ ಮೊದಲ ಮರ ಬೆಳೆಯಿತು. 1846ರಲ್ಲಿ ಆ ಮನೆಯನ್ನು ಮ್ಯಾಥ್ಯೂ ಬ್ರಾಮ್ಲಿ ಎಂಬ ಕಟುಕ ಕೊಂಡ. ಹತ್ತು ವರ್ಷದ ನಂತರ ಸಸಿ ಬೆಳೆಸುವ ಮನೆತನದ ಹೆನ್ರಿ ಮೆರಿವೆದರ್ ಕಸಿಗೆ ಕಡ್ಡಿ ಕೇಳಿದಾಗ, ಹಣ್ಣಿಗೆ ತನ್ನ ಹೆಸರಿಡಬೇಕೆಂಬ ಷರತ್ತಿನ ಮೇಲೆ ಬ್ರಾಮ್ಲಿ ಒಪ್ಪಿದ. ಬೀಜ ನೆಟ್ಟವಳ ಹೆಸರು ಹಣ್ಣಿಗೆ ಬರಲೇ ಇಲ್ಲ, ಅದು ಅನ್ಯಾಯವೇ. 1900ರ ಬಿರುಗಾಳಿಗೆ ಮೂಲ ಮರ ಉರುಳಿತು, ಉರುಳಿದಲ್ಲೇ ಮತ್ತೆ ಚಿಗುರಿತು.

ಸೇಬಿನ ಬೀಜದಿಂದ ತಾಯಿಮರದ ಗುಣವೇ ಬರುವುದಿಲ್ಲ. ಹಾಗಾಗಿ ಇಂದಿನ ಬ್ರಾಮ್ಲಿ ಮರಗಳೆಲ್ಲ ಆ ಒಂದೇ ಮರದ ಕಸಿಯ ಸಂತತಿ. ಸಾಮಾನ್ಯ ಸೇಬಿಗೆ ವರ್ಣತಂತುಗಳ ಎರಡು ಗಣವಾದರೆ ಇದಕ್ಕೆ ಮೂರು. ಮರ ಭಾರಿಯಾಗಿ ಬೆಳೆಯುತ್ತದೆ, ಆದರೆ ಅದರ ಪರಾಗ ಕೆಲಸಕ್ಕೆ ಬಾರದು. ತೋಟದಲ್ಲಿ ಬೇರೆ ಎರಡು ಜಾತಿಯ ಮರಗಳಿದ್ದರೆ ಅವು ಬ್ರಾಮ್ಲಿಗೂ ಪರಾಗ ಕೊಡುತ್ತವೆ, ಪರಸ್ಪರವೂ ಕಾಯಿ ಕಟ್ಟಿಸುತ್ತವೆ.

ಒಲೆಯ ಮೇಲೆ ಬ್ರಾಮ್ಲಿಯ ನಿಜವಾದ ಗುಣ ತಿಳಿಯುತ್ತದೆ. ಬಿಸಿ ತಾಗಿದೊಡನೆ ಹೋಳುಗಳು ಕರಗಿ ನೊರೆಯಂತೆ ಉಬ್ಬುತ್ತವೆ. ಹೋಳು ಉಳಿಯಲಿಲ್ಲವೆಂದು ದೂರುವವರು ಈ ಸೇಬನ್ನು ಅರಿತವರಲ್ಲ. ಹೀಗೆ ಕರಗುವುದೇ ಅದರ ಹೆಚ್ಚುಗಾರಿಕೆ. ಹಂದಿಮಾಂಸದ ಜೊತೆ ಬಡಿಸುವ ಸೇಬಿನ ಗೊಜ್ಜಿಗೆ ಬೇಕಾದದ್ದು ಅದೇ. ಕ್ರಮವೂ ಸುಲಭ: ಸಿಪ್ಪೆ, ನಡುವಿನ ಬೀಜದ ಭಾಗ ತೆಗೆದು, ಹೋಳುಗಳಿಗೆ ತಳ ಹಿಡಿಯದಷ್ಟೇ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಬೇಕು. ಪೂರ್ತಿ ಕರಗಿದ ಮೇಲೆ ಬೆಣ್ಣೆ, ಕಡೆಗೆ ಸಕ್ಕರೆ. ಸಕ್ಕರೆ ಮೊದಲೇ ಬಿದ್ದರೆ ಹೋಳು ಬಿಗಿದುಕೊಂಡು ಮೆದುವಾಗಲು ತಡವಾಗುತ್ತದೆ.

ಆದರೂ ಹಲವು ಅಡುಗೆ ಪುಸ್ತಕಗಳು ಹೋಳಿನ ಜೊತೆಗೇ ಸಕ್ಕರೆ ಸುರಿಯಲು ಹೇಳುತ್ತವೆ. ಅದು ಸಾಲದೆಂದು ದಾಲ್ಚಿನ್ನಿ, ಲವಂಗ, ವೆನಿಲಾ! ಹುಳಿಯನ್ನು ಹೀಗೆ ಹೂತುಹಾಕುವುದಾದರೆ ಬ್ರಾಮ್ಲಿಯೇ ಏಕೆ ಬೇಕು? ಸಿಹಿ ಸೇಬು ಬೇಯಿಸಿದಾಗ ಸಪ್ಪೆಯಾಗುತ್ತದೆ. ಮ್ಯಾಲಿಕ್ ಆಮ್ಲ ಸಮೃದ್ಧವಾಗಿರುವ ಬ್ರಾಮ್ಲಿ ಬೆಂದ ಮೇಲೂ ಸೇಬಿನ ರುಚಿಯನ್ನೇ ಕೊಡುತ್ತದೆ. ಆ ರುಚಿಯನ್ನು ಕೆಡಿಸುವುದು ಅಡುಗೆಯಲ್ಲ, ಹಾಳುಗೆಡಹುವಿಕೆ. ಇಡಿಯಾಗಿ ಬೇಯಿಸುವಾಗ ಒಣದ್ರಾಕ್ಷಿ ತುಂಬಬಹುದು. ಸಿಪ್ಪೆ ಎಲ್ಲೆಂದರಲ್ಲಿ ಸೀಳದಂತೆ ನಡುವಿನ ಸುತ್ತ ಚಾಕುವಿನಿಂದ ಒಂದು ಗೀರು ಎಳೆದರೆ ಸಾಕು.

ಕೊಯ್ಲು ಶರತ್ಕಾಲದಲ್ಲಿ. ಪೆಟ್ಟಾಗದ ಹಣ್ಣನ್ನು ತಣ್ಣನೆಯ ಕತ್ತಲ ಕೋಣೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟರೆ ವಸಂತದವರೆಗೂ ಬರುತ್ತದೆ. ಇಟ್ಟಷ್ಟೂ ಹುಳಿ ಇಳಿಯುತ್ತದೆ. ಅಕ್ಟೋಬರ್‌ನ ಹಣ್ಣಿಗೆ ಹಿಡಿಸುವಷ್ಟು ಸಕ್ಕರೆ ಮಾರ್ಚ್‌ನ ಹಣ್ಣಿಗೆ ಬೇಡ. ಆದ್ದರಿಂದ ಪ್ರತಿ ಸಲವೂ ರುಚಿ ನೋಡಿಯೇ ಹಾಕಬೇಕು.