ಶ್ರುತಿ ಇಳಿದುದನ್ನು ಹೇಳುವ ಬಗೆ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಕಾವೇರಿ ತೀರದ ಸಂಗೀತಗ್ರಾಮ. ೧೯೨೦ರಲ್ಲಿ ಇಲ್ಲಿ ಜನಿಸಿ, ೧೯೯೫ರಲ್ಲಿ ‘ಸಂಗೀತ ಕಲಾನಿಧಿ’ ಎನಿಸಿದ ಆರ್. ಕೆ. ಶ್ರೀಕಂಠನ್ ಅವರು ಶ್ರುತಿಶುದ್ಧಿ, ಸಾಹಿತ್ಯಶುದ್ಧಿಗಳಿಗೆ ಹೆಸರಾದವರು. ಅಂತಹ ಶುದ್ಧಿಯು ಏಕಾಂತದಲ್ಲಿ ಸಿದ್ಧಿಸತಕ್ಕದ್ದಲ್ಲ. ತಿದ್ದುವ ಕಿವಿಯೊಂದು ಎದುರಿಗಿರಬೇಕು.

ಇಂದು ಹಾಸನ, ಹೊಳೆನರಸೀಪುರಗಳ ತರುಣರೂ ಮನೆಯಲ್ಲಿಯೇ ಗಾಯನವನ್ನು ಧ್ವನಿಮುದ್ರಿಸಿ, ಕಂಪ್ಯೂಟರಿನಲ್ಲಿ ಕಂಠವನ್ನೂ ವಾದ್ಯಗಳನ್ನೂ ಹದವಾಗಿ ಬೆರೆಸಿ ಗೆಳೆಯರಿಗೆ ಕಳುಹಿಸಬಲ್ಲರು. ಉತ್ತರವಾಗಿ ಬರುವುದು ಬಹುತೇಕ ‘ಬಹಳ ಚೆನ್ನಾಗಿದೆ’ ಎಂಬ ಒಂದೇ ಮಾತು. ತೂಕದ ಮೋಸವು ಅಚೌರ್ಯಾಣುವ್ರತದ ಅತಿಚಾರವೆಂಬುದು ವರ್ತಕರಿಗೆ ತಿಳಿದದ್ದೇ. ಹುಸಿ ಹೊಗಳಿಕೆಯೂ ತೂಕ ಕಡಿಮೆಯಾದ ಸರಕೇ ಸರಿ. ‘ಚೆನ್ನಾಗಿಲ್ಲ’ ಎಂಬುದೂ ಅಷ್ಟೇ ನಿರುಪಯೋಗಿ. ‘ಚರಣದಲ್ಲಿ ಮೃದಂಗದ ನಾದವು ಸಾಹಿತ್ಯದ ಕೊನೆಯ ಅಕ್ಷರಗಳನ್ನು ಮುಚ್ಚುತ್ತಿದೆ’ ಎಂದರೆ ಮಾಡತಕ್ಕ ಕೆಲಸ ತಿಳಿಯುತ್ತದೆ.

ಸಮಂತಭದ್ರಾಚಾರ್ಯರು ಸಮ್ಯಗ್ದರ್ಶನದ ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣಗಳನ್ನು ಒಂದರ ಬೆನ್ನಿಗೊಂದು ಹೇಳಿದ್ದಾರೆ. ಪರರ ದೋಷವನ್ನು ಸಭೆಯಲ್ಲಿ ಸಾರದಿರುವುದು ಮೊದಲನೆಯದು. ಜಾರಿದವನನ್ನು ಮತ್ತೆ ನಿಲ್ಲಿಸುವುದು ಎರಡನೆಯದು. ಅವು ಧರ್ಮಮಾರ್ಗವನ್ನು ಕುರಿತವು, ಸಂಗೀತವನ್ನಲ್ಲ, ನಿಜ. ಆದರೆ ಮೊದಲನೆಯದನ್ನು ನೆವಮಾಡಿಕೊಂಡು ಎರಡನೆಯದರಿಂದ ನುಣುಚಿಕೊಳ್ಳುವವರು ಎಲ್ಲೆಡೆಯೂ ಇದ್ದಾರೆ. ತಿದ್ದಿಸಿಕೊಳ್ಳುವವನಾದರೂ ಕೂಡಲೇ ಸಮರ್ಥನೆಗೆ ಇಳಿಯದೆ, ಬೇರೊಂದು ಸ್ಥಳದಲ್ಲಿ ಮತ್ತೊಮ್ಮೆ ಕೇಳಿ ನೋಡಬೇಕು. ಕೋಣೆಯಲ್ಲಿ ಸರಿಯೆನಿಸಿದ ಗಾಯನವು ಬಸದಿಯ ಧ್ವನಿವರ್ಧಕದಲ್ಲಿ ಬೇರೆಯಾಗಿಯೇ ಕೇಳಿಸುವುದುಂಟು.